ಸ್ಟಾರ್ಟ್ ಆದ ಕಾರು ಮರುಕ್ಷಣವೇ ನಿಂತರೆ



ನಮ್ಮ ಮತ್ತಿಗಿರಿ, ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಊರುಗಳಲ್ಲಿ ಕಾರು ಈಗ ಸಿರಿವಂತರ ಮನೆಯ ಸೊತ್ತಾಗಿ ಮಾತ್ರ ಉಳಿದಿಲ್ಲ. ಎರಡನೇ ಕೈಯದೋ ಮೂರನೇ ಕೈಯದೋ ಒಂದು ಸಣ್ಣ ಕಾರು ಬಹಳ ಮನೆಗಳ ಮುಂದೆ ನಿಂತಿದೆ. ಮನೆಯ ಹಿರಿಯರನ್ನು ಹೊಸೂರಿನ ಆಸ್ಪತ್ರೆಗೆ ಕರೆದೊಯ್ಯಲು, ಅತ್ತಿಬೆಲೆ ದಾಟಿ ಬೆಂಗಳೂರಿನ ನೆಂಟರ ಮನೆಗೆ ಹೋಗಿಬರಲು ಅದೇ ಆಧಾರ. ಅಂಥ ಕಾರು ಒಂದು ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗಿ, ಎರಡು ಉಸಿರು ಎಳೆದು, ಸುಮ್ಮನೆ ನಿಂತುಬಿಡುತ್ತದೆ. ಮತ್ತೆ ತಿರುಗಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆ, ಮತ್ತೆ ನಿಲ್ಲುತ್ತದೆ. ಇದರ ಕಾರಣವನ್ನು ಹುಡುಕುವ ಬಗೆ ಹೇಗೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಈ ರೋಗವನ್ನು ನಾವು ಮೆಕ್ಯಾನಿಕ್ಕಿಗೆ ಹೇಳುವ ರೀತಿಯಲ್ಲೇ ಮೊದಲ ತೊಡಕು ಇದೆ. ನಮ್ಮದು ಮೂರು ಭಾಷೆಯ ಊರು. ತಮಿಳಿನವರು 'ನಿನ್ನು ಪೋಚ್ಚು' ಎನ್ನುತ್ತಾರೆ. ತೆಲುಗಿನವರು 'ಆಗಿಪೋಯಿಂದಿ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಕಾರಿನ ಕಥೆಯೇ ಮುಗಿದುಹೋಯಿತು ಎಂದಂತೆ ಕೇಳುತ್ತದೆ. ನಾವು 'ಎಂಜಿನ್ ನಿಲ್ತಾ ಇಲ್ಲ ಕಣಪ್ಪಾ' ಎನ್ನುತ್ತೇವೆ. ಎಂಜಿನ್ ಚಾಲೂ ಸ್ಥಿತಿಯಲ್ಲಿ ನಿಲ್ಲುತ್ತಿಲ್ಲವೋ, ಆಫ್ ಮಾಡಿದರೂ ನಿಲ್ಲುತ್ತಿಲ್ಲವೋ ಎಂದು ಆ ಹುಡುಗ ತಲೆ ಕೆರೆದುಕೊಳ್ಳಬೇಕು. ಮೂರು ಭಾಷೆಯಲ್ಲೂ ನಾವು ಹೇಳದೆ ಬಿಡುವ ಸಂಗತಿ ಒಂದೇ: ಅದು ಯಾವಾಗ ನಿಲ್ಲುತ್ತದೆ ಎಂಬುದು. ಕೀ ಬಿಟ್ಟ ಕ್ಷಣಕ್ಕೋ, ಎರಡು ಸೆಕೆಂಡಿಗೋ, ಹತ್ತು ಸೆಕೆಂಡಿಗೋ? ಆಕ್ಸಿಲರೇಟರ್ ಒತ್ತಿದರೆ ಬದುಕುತ್ತದೆಯೋ, ಇಲ್ಲವೋ? ಈ ರೋಗದ ಅರ್ಧ ಉತ್ತರ ಆ 'ಯಾವಾಗ' ಎಂಬುದರಲ್ಲೇ ಇದೆ.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ಮಾತಲ್ಲ. ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ನಾವು ಎಲ್ಲ ಲೆಡ್ಜರುಗಳನ್ನೂ ಮೊದಲಿನಿಂದ ಬರೆಯುತ್ತಿರಲಿಲ್ಲ. ವ್ಯತ್ಯಾಸದ ಮೊತ್ತವನ್ನು ನೋಡುತ್ತಿದ್ದೆವು. ಅದು 9ರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು ಎಂಬ ಗುಮಾನಿ ಬರುತ್ತಿತ್ತು. 63 ಎಂದು ಬರೆಯುವ ಕಡೆ 36 ಎಂದು ಬರೆದರೆ ವ್ಯತ್ಯಾಸ 27. ವ್ಯತ್ಯಾಸದ ಅರ್ಧ ಮೊತ್ತದ ನಮೂದು ಎಲ್ಲಾದರೂ ಕಂಡರೆ, ಜಮೆಯ ಕಡೆ ಬರಬೇಕಾದದ್ದು ಖರ್ಚಿನ ಕಡೆ ಬಿದ್ದಿದೆಯೇ ಎಂದು ನೋಡುತ್ತಿದ್ದೆವು. ತಪ್ಪಿನ ಆಕಾರವೇ ತಪ್ಪಿನ ಜಾಗವನ್ನು ತೋರಿಸುತ್ತದೆ. ಕಾರಿನದೂ ಹಾಗೆಯೇ.

ಈಗ ಎಂಜಿನ್ನಿನ ಒಳಗೆ ನಡೆಯುವುದನ್ನು ಸ್ವಲ್ಪ ನೋಡೋಣ. ಪೆಟ್ರೋಲ್ ಎಂಜಿನ್ನಿಗೆ ಮೂರು ಬೇಕು: ಗಾಳಿ, ಪೆಟ್ರೋಲು, ಕಿಡಿ. ಒಂದು ಕಿಲೊ ಶುದ್ಧ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಸ್ಟಾರ್ಟ್ ಮಾಡುವಾಗ ಮಾತ್ರ ಈ ಹದವನ್ನು ಬದಲಿಸಿ, ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲನ್ನು ಹೆಚ್ಚಿಗೆ ಕೊಡುತ್ತಾರೆ. ಆಗ ಎಂಜಿನ್ನನ್ನು ತಿರುಗಿಸುವುದು ಬ್ಯಾಟರಿ ಮತ್ತು ಸ್ಟಾರ್ಟರ್ ಮೋಟಾರು. ಎಂಜಿನ್ ಹೊತ್ತಿಕೊಂಡು ನಾವು ಕೀ ಬಿಟ್ಟ ಮೇಲೆ ಸ್ಟಾರ್ಟರ್ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದ ಮುಂದೆ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತನ್ನಷ್ಟಕ್ಕೆ ತಾನು ತಿರುಗಿಕೊಂಡಿರಬೇಕು. ಇದನ್ನೇ ಮೆಕ್ಯಾನಿಕ್ಕುಗಳು ಐಡ್ಲಿಂಗ್ ಎನ್ನುತ್ತಾರೆ.

ಅಂದರೆ ಇಲ್ಲಿ ಒಂದು ಅಧಿಕಾರ ಹಸ್ತಾಂತರ ನಡೆಯುತ್ತದೆ. ಹೊತ್ತಿಸುವ ವ್ಯವಸ್ಥೆ ತನ್ನ ಕೆಲಸ ಮುಗಿಸಿ, ನಡೆಸುವ ವ್ಯವಸ್ಥೆಗೆ ಚಾರ್ಜು ಕೊಡುತ್ತದೆ. ನಮ್ಮ ಕಾರು ಸ್ಟಾರ್ಟ್ ಆಗಿ ನಿಂತಿತು ಎಂದರೆ ಚಾರ್ಜು ಕೊಡುವವನು ಬಂದಿದ್ದಾನೆ, ತೆಗೆದುಕೊಳ್ಳುವವನು ಬಂದಿಲ್ಲ. ಇದರಿಂದ ಒಂದು ದೊಡ್ಡ ಲಾಭವಿದೆ. ಬ್ಯಾಟರಿ, ಸ್ಟಾರ್ಟರ್, ಎಂಜಿನ್ನಿನ ಒಳಗಿನ ಪಿಸ್ಟನ್ನು ಇವೆಲ್ಲ ಬಹುಮಟ್ಟಿಗೆ ಅನುಮಾನದ ಪಟ್ಟಿಯಿಂದ ಹೊರಗೆ ಹೋದವು. ಆದ್ದರಿಂದ ಯಾರಾದರೂ ಮೊದಲ ಮಾತಿಗೇ 'ಬ್ಯಾಟರಿ ಹೊಸದು ಹಾಕಿ' ಎಂದರೆ ನೀವು ದುಡ್ಡು ತೆಗೆಯುವ ಮುಂಚೆ ಒಂದು ಪ್ರಶ್ನೆ ಕೇಳಬಹುದು: 'ಬ್ಯಾಟರಿ ಕೆಟ್ಟಿದ್ದರೆ ಪ್ರತಿ ಸಲವೂ ಇಷ್ಟು ಚುರುಕಾಗಿ ಹೇಗಪ್ಪಾ ತಿರುಗುತ್ತದೆ?'

ಇನ್ನು ಎಣಿಕೆಗೆ ಬರೋಣ.

ಮೊದಲನೆಯದು, ಕೀ ಬಿಟ್ಟ ಕ್ಷಣಕ್ಕೇ ನಿಲ್ಲುವುದು. ಕೀ ಸ್ಟಾರ್ಟಿನಲ್ಲಿ ಹಿಡಿದಿರುವಷ್ಟು ಹೊತ್ತು ಎಂಜಿನ್ ಉರಿಯುತ್ತದೆ, ಕೈ ಬಿಟ್ಟು ಕೀ ಹಿಂದಕ್ಕೆ ಬಂದೊಡನೆ ಬತ್ತಿ ಆರಿಸಿದಂತೆ ನಿಲ್ಲುತ್ತದೆ. ಇದು ವಿದ್ಯುತ್ತಿನ ದೋಷ. ಕೀ ಸ್ವಿಚ್ಚಿನ ಒಳಗೆ ಸ್ಟಾರ್ಟಿಗೆ ಒಂದು ಸಂಪರ್ಕ, ಓಡುವುದಕ್ಕೆ ಇನ್ನೊಂದು ಸಂಪರ್ಕ ಇರುತ್ತದೆ. ವರ್ಷಗಟ್ಟಲೆ ತಿರುಗಿಸಿ ಎರಡನೆಯದು ಸವೆದಿರಬಹುದು. ಹಳೆಯ ಕೆಲವು ಕಾರುಗಳಲ್ಲಿ, ಓಡುವಾಗ ಕಾಯಿಲಿಗೆ ಹೋಗುವ ವಿದ್ಯುತ್ತನ್ನು ತಗ್ಗಿಸಲು ಬ್ಯಾಲಸ್ಟ್ ರೆಸಿಸ್ಟರ್ ಎಂಬ ಸಣ್ಣ ತುಂಡು ಇರುತ್ತಿತ್ತು. ಸ್ಟಾರ್ಟ್ ಮಾಡುವಾಗ ವಿದ್ಯುತ್ತು ಅದನ್ನು ಬಿಟ್ಟು ನೇರವಾಗಿ ಹೋಗುತ್ತದೆ. ಆ ತುಂಡು ಸುಟ್ಟುಹೋಗಿದ್ದರೆ ಗಾಡಿ ಹೊತ್ತುತ್ತದೆ, ಓಡುವುದಿಲ್ಲ. ಮೆಕ್ಯಾನಿಕ್ಕು 12 ವೋಲ್ಟಿನ ಒಂದು ಟೆಸ್ಟ್ ಬಲ್ಬು ಹಿಡಿದು, ಕೀ ಆನ್ ಇಟ್ಟು ನೋಡಿದರೆ ಐದು ನಿಮಿಷದಲ್ಲಿ ಇದು ಗೊತ್ತಾಗುತ್ತದೆ.

ಎರಡನೆಯದು, ಪ್ರತಿ ಸಲವೂ ಗಡಿಯಾರ ಇಟ್ಟಂತೆ ಒಂದೆರಡು ಸೆಕೆಂಡು ಓಡಿ ನಿಲ್ಲುವುದು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಅಷ್ಟೇ. ಇಂಥ ಕರಾರುವಾಕ್ಕಾದ ನಿಲುಗಡೆಯನ್ನು ಕಂಡರೆ ಕಳ್ಳತನ ತಡೆಯುವ ಇಮೊಬಿಲೈಸರನ್ನು ಮೊದಲು ಶಂಕಿಸಬೇಕು. ಈಗಿನ ಕೀಗಳ ತಲೆಯೊಳಗೆ ಒಂದು ಚಿಕ್ಕ ಚಿಪ್ಪು ಇರುತ್ತದೆ. ಗಾಡಿಯ ಕಂಪ್ಯೂಟರು ಆ ಚಿಪ್ಪಿನ ಗುರುತು ಕೇಳುತ್ತದೆ. ಗುರುತು ಸಿಗದಿದ್ದರೆ ಕೆಲವು ಗಾಡಿಗಳು ಸ್ಟಾರ್ಟೇ ಆಗುವುದಿಲ್ಲ, ಕೆಲವು ಸ್ಟಾರ್ಟ್ ಆಗಿ ಪೆಟ್ರೋಲು ಕಡಿದುಕೊಳ್ಳುತ್ತವೆ. ಮೀಟರ್ ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರದ ದೀಪ ಮಿನುಗುತ್ತಿದೆಯೇ ನೋಡಿ. ಬೀರುವಿನಲ್ಲಿಟ್ಟ ಎರಡನೇ ಕೀ ತಂದು ಹಾಕಿ ನೋಡಿ. ಅದರಲ್ಲಿ ಗಾಡಿ ಓಡಿದರೆ ಎಂಜಿನ್ನನ್ನು ಮುಟ್ಟುವ ಅಗತ್ಯವೇ ಇಲ್ಲ. ಎರಡನೇ ಕೈ ಕಾರು ಕೊಳ್ಳುವಾಗ ಎರಡೂ ಕೀ ಕೇಳಿ ಪಡೆಯಬೇಕು ಎಂಬುದು ಇದಕ್ಕೇ.

ಮೂರನೆಯದು, ನಾಲ್ಕೈದು ಸೆಕೆಂಡು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಓಡಿ, ಸುತ್ತು ಇಳಿಯುತ್ತಾ ಇಳಿಯುತ್ತಾ ನಡುಗಿ ನಿಲ್ಲುವುದು; ಆದರೆ ಆಕ್ಸಿಲರೇಟರನ್ನು ತುಸು ಒತ್ತಿ ಹಿಡಿದರೆ ಸುಖವಾಗಿ ಓಡುವುದು. ಇದು ಗಾಳಿಯ ಕಡೆಯ ದೋಷ. ಐಡ್ಲಿಂಗಿನಲ್ಲಿ ಥ್ರಾಟಲ್ ಬಾಡಿಯ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಎಂಜಿನ್ನು ಕೂದಲೆಳೆಯಷ್ಟು ಸಂದಿನಲ್ಲಿ, ಇಲ್ಲವೇ ಪಕ್ಕದ ಸಣ್ಣ ದಾರಿಯಲ್ಲಿ ಉಸಿರಾಡಬೇಕು. ಅಲ್ಲಿ ಮಸಿ ಕಟ್ಟಿದರೆ ಉಸಿರು ಸಿಗುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ತಟ್ಟೆ ತೆರೆದು ಗಾಳಿ ಬರುತ್ತದೆ, ಎಂಜಿನ್ ಚೇತರಿಸಿಕೊಳ್ಳುತ್ತದೆ. ಇದಕ್ಕೆ ಮದ್ದು ಶುಚಿ ಮಾಡುವುದು. ಹೊಸ ಭಾಗ ಬೇಕಾಗುವುದು ಅಪರೂಪ.

ಇದೇ ಲಕ್ಷಣ ತೋರುವ ಇನ್ನೊಂದು ಕಾರಣ ನಮ್ಮ ಹಳ್ಳಿಗಳಲ್ಲಿ ಬಹಳ ಸಾಮಾನ್ಯ. ಅದೇ ಇಲಿ. ರಾಗಿ, ಹುರುಳಿ, ದನದ ಬೂಸಾ ಇಡುವ ಕೊಟ್ಟಿಗೆಯ ಪಕ್ಕದಲ್ಲೇ ನಾವು ಕಾರನ್ನೂ ನಿಲ್ಲಿಸುತ್ತೇವೆ. ರಾತ್ರಿ ಎಂಜಿನ್ನಿನ ಬಿಸಿಗೆ ಇಲಿ ಒಳಗೆ ಬಂದು ಕೂರುತ್ತದೆ, ವೈರು ಕಡಿಯುತ್ತದೆ, ರಬ್ಬರ್ ಕೊಳವೆ ಕಡಿಯುತ್ತದೆ. ಥ್ರಾಟಲ್ಲಿನಿಂದಾಚೆಗೆ ಎಂಜಿನ್ನು ಗಾಳಿಯನ್ನು ಹೀರುವ ಜಾಗದಲ್ಲಿ ಇಂಥ ಒಂದು ಕೊಳವೆ ತೂತಾದರೆ, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿ ಹದ ಕೆಡುತ್ತದೆ. ಎಂಜಿನ್ನು ಓಡುವ ಆ ಕೆಲವು ಸೆಕೆಂಡಿನಲ್ಲಿ 'ಸ್ಸ್' ಎಂಬ ಸದ್ದು ಕೇಳಬಹುದು. ನಮ್ಮ ಬೀದಿಯ ಒಬ್ಬರ ಕಾರಿಗೆ ಹೀಗೇ ಆಗಿತ್ತು. ಒಂದು ಕಡೆ ಪೆಟ್ರೋಲ್ ಪಂಪು ಬದಲಾಯಿಸಿದರು, ಇನ್ನೊಂದು ಕಡೆ ಪ್ಲಗ್ಗು ಬದಲಾಯಿಸಿದರು. ಮೂರನೆಯವನು ಏನನ್ನೂ ಬದಲಾಯಿಸದೆ, 'ಆಕ್ಸಿಲರೇಟರ್ ಒತ್ತಿದ್ರೆ ನಿಲ್ಲತ್ತಾ ಇಲ್ವಾ ಅಣ್ಣಾ?' ಎಂದು ಕೇಳಿದ. ಒತ್ತಿದರೆ ಓಡುತ್ತದೆ ಎಂದು ತಿಳಿದಮೇಲೆ ಬಗ್ಗಿ ನೋಡಿ, ಬೆರಳು ಗಾತ್ರದ ಒಂದು ರಬ್ಬರ್ ಪೈಪನ್ನು ಎತ್ತಿ ತೋರಿಸಿದ. ಅದರಲ್ಲಿ ಇಲಿಯ ಹಲ್ಲಿನ ಗುರುತು ಇತ್ತು. ಸಾವಿರಗಟ್ಟಲೆ ಖರ್ಚಾದ ಮೇಲೆ ಕೆಲಸ ಮುಗಿದದ್ದು ಒಂದು ಗೇಣು ಪೈಪಿನಲ್ಲಿ.

ನಾಲ್ಕನೆಯದು, ಕೆಲವು ಸೆಕೆಂಡು ಓಡಿ ನಿಲ್ಲುವುದು, ಆಕ್ಸಿಲರೇಟರ್ ಒತ್ತಿದರೆ ಇನ್ನೂ ಬೇಗ ನಿಲ್ಲುವುದು. ಇದು ಪೆಟ್ರೋಲು ಸಾಲದ ಲಕ್ಷಣ. ಪೈಪಿನಲ್ಲಿ ಉಳಿದಿದ್ದ ಪೆಟ್ರೋಲಿನಿಂದ ಗಾಡಿ ಹೊತ್ತಿತು, ಹಿಂದಿನಿಂದ ಹೊಸದು ಬರಲಿಲ್ಲ. ಬಹುಪಾಲು ಕಾರುಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ, ಟ್ಯಾಂಕಿನೊಳಗಿನ ಪಂಪಿನ ಸಣ್ಣ ಗುಂಯ್ ಸದ್ದು ಸುಮಾರು ಎರಡು ಸೆಕೆಂಡು ಕೇಳಬೇಕು. ಮನೆಯವರನ್ನು ಹಿಂದೆ ಕೂರಿಸಿ ಆಲಿಸಲು ಹೇಳಿ. ಸದ್ದೇ ಇಲ್ಲದಿದ್ದರೆ ಫ್ಯೂಸು, ರಿಲೇ, ವೈರು, ಪಂಪು, ಈ ಕ್ರಮದಲ್ಲಿ ನೋಡಿಸಬೇಕು. ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಸದ್ದು ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಸ್ಟಾರ್ಟ್ ಮಾಡದೆ ಕೀಯನ್ನು ಮೂರು ಸಲ ಆನ್, ಆಫ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ಮುಂಚಿಗಿಂತ ಹೆಚ್ಚು ಹೊತ್ತು ಓಡಿ ನಿಂತರೆ ಪೆಟ್ರೋಲಿನ ಒತ್ತಡ ಸಾಲುತ್ತಿಲ್ಲ ಎಂಬ ಶಂಕೆ ಬಲವಾಯಿತು. ಫಿಲ್ಟರು ಕಟ್ಟಿದೆಯೋ ಪಂಪು ಸೋತಿದೆಯೋ ಎಂಬುದನ್ನು ಗೇಜು ಹಾಕಿ ಒತ್ತಡ ಅಳೆದೇ ತೀರ್ಮಾನಿಸಬೇಕು. ಊಹೆಯ ಮೇಲೆ ಪಂಪು ಕೊಳ್ಳಬಾರದು.

ಪೆಟ್ರೋಲು ಬರುತ್ತಿದೆ, ಆದರೆ ಒಳ್ಳೆಯದು ಬರುತ್ತಿದೆಯೇ ಎಂಬುದೂ ಒಂದು ಪ್ರಶ್ನೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ದೇಶದ ಪೆಟ್ರೋಲೇ ಆ ಮಟ್ಟದ ಬೆರಕೆಗೆ ಬಂತು. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ಟ್ಯಾಂಕಿಗೆ ಮಳೆನೀರು ಸೇರಿದರೆ ಒಂದು ಮಿತಿಯವರೆಗೆ ಅದು ನೀರನ್ನು ಒಳಗೆ ಹಿಡಿದುಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪು ಎಳೆದುಕೊಳ್ಳುವುದು ತಳದಿಂದಲೇ. ಮಗ ಊರಿಗೆ ಬಂದಾಗ ಮಾತ್ರ ಓಡಿಸುವ, ಉಳಿದ ದಿನ ಹೊಂಗೆಮರದಡಿ ನಿಲ್ಲುವ ಕಾರುಗಳಿಗೆ ಈ ಅಪಾಯ ಜಾಸ್ತಿ. ಪೆಟ್ರೋಲು ಹಾಕಿಸಿದ ಮರುದಿನವೇ ಅಥವಾ ದೊಡ್ಡ ಮಳೆಯ ನಂತರ ಈ ಕಾಯಿಲೆ ಶುರುವಾಗಿದ್ದರೆ ಆ ಸಂಗತಿಯನ್ನು ಮರೆಯದೆ ಮೆಕ್ಯಾನಿಕ್ಕಿಗೆ ಹೇಳಿ. ಟ್ಯಾಂಕಿನ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ನೀವೇ ನೋಡಬಹುದು.

ಇನ್ನೂ ಕೆಲವರ ಮನೆಯಲ್ಲಿ ಪ್ರೀತಿಯಿಂದ ಉಳಿಸಿಕೊಂಡ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800 ಇವೆ. ಇವಕ್ಕೆ ಕಾರ್ಬುರೇಟರು. ನಮ್ಮದು ಎತ್ತರದ ಸೀಮೆ. ಮಾರ್ಗಶಿರ, ಪುಷ್ಯದ ಬೆಳಿಗ್ಗೆ ಚೆನ್ನಾಗಿ ಚಳಿ ಇರುತ್ತದೆ. ಚೋಕ್ ಎಳೆಯದೆ ಸ್ಟಾರ್ಟ್ ಮಾಡಿದರೆ, ಇಲ್ಲವೇ ಎಳೆದ ಚೋಕನ್ನು ಕೂಡಲೇ ಒತ್ತಿಬಿಟ್ಟರೆ ಎಂಜಿನ್ ನಿಲ್ಲುವುದು ರೋಗವಲ್ಲ, ಅದರ ಸ್ವಭಾವ. ಬಿಸಿಯಾದ ಮೇಲೂ ಐಡ್ಲಿಂಗ್ ನಿಲ್ಲದಿದ್ದರೆ, ಆಕ್ಸಿಲರೇಟರಿನಲ್ಲಿ ಮಾತ್ರ ಬದುಕಿದರೆ, ಕಾರ್ಬುರೇಟರಿನ ಸ್ಲೋ ಜೆಟ್ಟಿನ ಸೂಜಿಗಣ್ಣಿನಂಥ ರಂಧ್ರದಲ್ಲಿ ಕಸ ಕೂತಿರುವ ಸಂಭವ ಹೆಚ್ಚು. ಅದನ್ನು ಬಿಚ್ಚಿ ಗಾಳಿ ಹೊಡೆದರೆ ಸಾಕು. ತಂತಿ ಹಾಕಿ ಕೆರೆಯಬಾರದು, ರಂಧ್ರ ದೊಡ್ಡದಾದರೆ ಹದ ಶಾಶ್ವತವಾಗಿ ಕೆಡುತ್ತದೆ.

ಡೀಸೆಲ್ ಗಾಡಿಗೆ ಕಿಡಿಯ ಪ್ರಶ್ನೆ ಇಲ್ಲ. ಅಲ್ಲಿ ಸ್ಟಾರ್ಟ್ ಆಗಿ ನಿಂತರೆ ಮೊದಲ ಗುಮಾನಿ ಪೈಪಿಗೆ ಏರ್ ಎಳೆದಿದೆ ಎಂಬುದು. ಪಂಪಿನಲ್ಲಿದ್ದ ಡೀಸೆಲ್ ಮುಗಿಯುವವರೆಗೆ ಓಡಿ, ಗಾಳಿಯ ಗುಳ್ಳೆ ಬಂದೊಡನೆ ನಿಲ್ಲುತ್ತದೆ. ಹಳೆಯ ಜೀಪು, ಟೆಂಪೊಗಳಲ್ಲಿ ಹ್ಯಾಂಡ್ ಪಂಪು ಹೊಡೆದು ಏರ್ ತೆಗೆಯುವುದು ನಮ್ಮ ಡ್ರೈವರುಗಳಿಗೆಲ್ಲ ಗೊತ್ತು. ಆದರೆ ಏರ್ ಎಲ್ಲಿಂದ ಬಂತು ಎಂದು ಹುಡುಕಿ, ಆ ಸಡಿಲ ಪೈಪನ್ನು ಬಿಗಿಮಾಡದಿದ್ದರೆ ನಾಳೆ ಮತ್ತೆ ಅದೇ ಕಥೆ. ಒಂದು ಎಚ್ಚರಿಕೆ: ಈಗಿನ ಕಾಮನ್ ರೇಲ್ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ಪೈಪಿನೊಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಸಾವಿರ ಪಟ್ಟು ಮೀರಿರುತ್ತದೆ. ಓಡುವ ಎಂಜಿನ್ನಿನ ಪೈಪು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ. ಹಳೆಯ ಕೈಚಳಕವನ್ನು ಅಲ್ಲಿ ತೋರಿಸಬಾರದು. ಇನ್ನು ಗ್ಯಾಸಿನ ಕಾರುಗಳಲ್ಲಿ ಬಹಳಷ್ಟು ಪೆಟ್ರೋಲಿನಲ್ಲಿ ಹೊತ್ತಿ ಆಮೇಲೆ ಗ್ಯಾಸಿಗೆ ಬದಲಾಗುತ್ತವೆ. ಆ ಬದಲಾಗುವ ಕ್ಷಣಕ್ಕೇ ನಿಂತರೆ ದೋಷ ಗ್ಯಾಸಿನ ಕಡೆಯದು ಎಂದು ಬೇರೆ ಹೇಳಬೇಕಾಗಿಲ್ಲ.

'ಈಗೆಲ್ಲ ಕಂಪ್ಯೂಟರ್ ಸ್ಕ್ಯಾನರ್ ಇದೆಯಲ್ಲಾ, ಇಷ್ಟೆಲ್ಲ ಎಣಿಕೆ ಯಾಕೆ?' ಎಂದು ನಮ್ಮ ಹುಡುಗರು ಕೇಳಬಹುದು. ಸ್ಕ್ಯಾನರ್ ಬಹಳ ಒಳ್ಳೆಯ ಸಾಧನ. ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿದ್ದರೆ ಹಾಕಿಸಿ ನೋಡಲೇಬೇಕು. ಆದರೆ ಅದು ಕೊಡುವ ಸಂಖ್ಯೆಯ ಅರ್ಥ ತಿಳಿದಿರಲಿ. ಪಿ 0171 ಎಂದು ಬಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲು ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಕೊಳವೆ ತೂತಾದರೂ ಅದೇ ಸಂಖ್ಯೆ ಬರುತ್ತದೆ, ಪಂಪು ಸೋತರೂ ಅದೇ ಸಂಖ್ಯೆ ಬರುತ್ತದೆ. ಪಿ 0505 ಬಂದರೆ ಐಡ್ಲಿಂಗ್ ನಿಯಂತ್ರಣದಲ್ಲಿ ದೋಷ ಎಂದರ್ಥ, ಅದು ಮಸಿಯಿಂದಲೂ ಆಗಬಹುದು. ಸಂಖ್ಯೆ ಬೀದಿಯ ಹೆಸರು ಹೇಳುತ್ತದೆ, ಮನೆಯ ಬಾಗಿಲು ನಾವೇ ತಟ್ಟಬೇಕು. ಆ ಬಾಗಿಲನ್ನು ತೋರಿಸುವುದು ನಾನು ಹೇಳಿದ ಎಣಿಕೆ.

ಮತ್ತಿಗಿರಿಯ ಜಾನುವಾರು ಫಾರಂ ನಿಮಗೆಲ್ಲ ಗೊತ್ತು. 1824ರಲ್ಲಿ ಸೈನ್ಯದ ಕುದುರೆಗಳಿಗಾಗಿ ಶುರುವಾದ ಜಾಗ ಅದು. ಈ ಸೀಮೆಯಲ್ಲಿ ದನ, ಕುದುರೆ ಸಾಕಿದವರು ಮೂಕಪ್ರಾಣಿಯ ಕಾಯಿಲೆ ಹುಡುಕುವ ಕ್ರಮವನ್ನು ಬಲ್ಲರು. ಯಾವಾಗ ಮಲಗಿತು, ಏನು ತಿಂದಿತ್ತು, ಎಬ್ಬಿಸಿದರೆ ಏಳುತ್ತದೆಯೇ ಎಂದು ಕೇಳಿದ ಮೇಲೆಯೇ ಮದ್ದಿಗೆ ಕೈ ಹಾಕುತ್ತಿದ್ದರು. 1980ರ ಸುಮಾರಿಗೆ ಟಿವಿಎಸ್ ಮೊಪೆಡ್ಡು, ಅಶೋಕ್ ಲೇಲ್ಯಾಂಡ್ ಲಾರಿ ಹೊಸೂರಿನಲ್ಲಿ ತಯಾರಾಗತೊಡಗಿದ ಮೇಲೆ ನಮ್ಮ ಮಕ್ಕಳ ಕೈಗೆ ಸ್ಪ್ಯಾನರು ಬಂತು. ಸ್ಪ್ಯಾನರಿನ ಜೊತೆಗೆ ಹಳಬರ ಆ ಪ್ರಶ್ನೆಗಳೂ ಬರಬೇಕು.

ಇನ್ನು ಜೀವಕ್ಕೆ ಸಂಬಂಧಿಸಿದ ನಾಲ್ಕು ಮಾತು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ಪರೀಕ್ಷೆ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಾಗುವ ಮುಂಚೆ ಪ್ರಜ್ಞೆ ತಪ್ಪುತ್ತದೆ. ಗಾಡಿಯನ್ನು ಅಂಗಳಕ್ಕೆ ತಳ್ಳಿ ತನ್ನಿ. ಏರ್ ಫಿಲ್ಟರ್ ಬಿಚ್ಚಿ ಪೆಟ್ರೋಲು ಸುರಿದು ಸ್ಟಾರ್ಟ್ ಮಾಡುವ ಸಾಹಸ ಬೇಡ, ಬೆಂಕಿ ಮುಖಕ್ಕೇ ಬರುತ್ತದೆ. ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಸ್ಟಾರ್ಟರ್ ತಿರುಗಿಸಬೇಡಿ, ಅರ್ಧ ನಿಮಿಷ ಬಿಡುವು ಕೊಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು. ನಿಂತುನಿಂತು ಹೋಗುವ ಕಾರನ್ನು ಆಕ್ಸಿಲರೇಟರಿನಲ್ಲೇ ಬದುಕಿಸಿಕೊಂಡು 44ನೇ ಹೆದ್ದಾರಿಗೆ ಇಳಿಸಬೇಡಿ. ಎಂಜಿನ್ನು ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರು ಒಂದೆರಡು ಸಲ ಒತ್ತುವಷ್ಟರಲ್ಲಿ ಬರಿದಾಗುತ್ತದೆ. ಪವರ್ ಸ್ಟೀರಿಂಗೂ ಬಿಗಿಯಾಗಬಹುದು. ಹಿಂದಿನಿಂದ ಬರುವ ಟ್ರೇಲರ್ ಲಾರಿಗೆ ನಮ್ಮ ಕಷ್ಟ ತಿಳಿಯುವುದಿಲ್ಲ. ಆಸ್ಪತ್ರೆಗೆ ಹೋಗಲೇಬೇಕಾದ ದಿನವಾದರೆ ಆಟೊ ಹಿಡಿಯಿರಿ, 108ಕ್ಕೆ ಫೋನ್ ಮಾಡಿ. ಕಾರನ್ನು ನಾಳೆ ನೋಡಿಕೊಳ್ಳಬಹುದು.

ವರ್ಕ್‌ಶಾಪಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಐದು ಸಾಲು ಬರೆದುಕೊಳ್ಳಿ. ಎಷ್ಟು ಸೆಕೆಂಡು ಓಡಿ ನಿಲ್ಲುತ್ತದೆ. ಆಕ್ಸಿಲರೇಟರ್ ಒತ್ತಿದರೆ ಏನಾಗುತ್ತದೆ. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ, ಎರಡರಲ್ಲೂ ಹೀಗೆಯೋ. ಯಾವ ದೀಪ ಉರಿಯುತ್ತದೆ. ಇದಕ್ಕೆ ಹಿಂದಿನ ವಾರ ಏನಾಗಿತ್ತು, ಅಂದರೆ ಪೆಟ್ರೋಲು, ಮಳೆ, ರಿಪೇರಿ, ಇಲಿ. ಕನ್ನಡವೋ, ತಮಿಳೋ, ತೆಲುಗೋ, ಯಾವ ಭಾಷೆಯಲ್ಲಿ ಓದಿ ಹೇಳಿದರೂ ಬಲ್ಲ ಮೆಕ್ಯಾನಿಕ್ಕಿಗೆ ಇದು ಅರ್ಥವಾಗುತ್ತದೆ. ಏನನ್ನಾದರೂ ಬದಲಾಯಿಸಬೇಕು ಎಂದರೆ ಯಾವ ಪರೀಕ್ಷೆಯಿಂದ ಅದು ಗೊತ್ತಾಯಿತು ಎಂದು ಸಮಾಧಾನವಾಗಿ ಕೇಳಿ. ತೆಗೆದ ಹಳೆಯ ಭಾಗವನ್ನು ವಾಪಸು ಪಡೆದುಕೊಳ್ಳಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಪಡುವುದಿಲ್ಲ. ಕೇಳುವ ಗಿರಾಕಿಯ ಗಾಡಿಯನ್ನು ಅವನು ಇನ್ನಷ್ಟು ಗಮನವಿಟ್ಟೇ ನೋಡುತ್ತಾನೆ.